ಕೂಲರ್‌ಗೆ ಹಳೆ ಸೀರೆ

ದೀಪಾವಳಿ ಮುಗಿಯಿತೆಂದರೆ ಸೇಡಂ, ಚಿತ್ತಾಪುರದ ಮನೆಗಳಲ್ಲಿ ಕೂಲರ್‌ಗೆ ನಿವೃತ್ತಿ. ಮೇ ತಿಂಗಳ ಬಿಸಿಲು 42 ಡಿಗ್ರಿ ಮುಟ್ಟಿದಾಗ ಮನೆದೇವರಂತೆ ಕೊಡಗಟ್ಟಲೆ ನೀರು ಹೊಯ್ಯಿಸಿಕೊಂಡ ಈ ತಗಡಿನ ಡಬ್ಬಿಯ ಟ್ಯಾಂಕ್ ಖಾಲಿ ಮಾಡಿ, ಹುಲ್ಲಿನ ಪ್ಯಾಡ್ ಬಿಚ್ಚಿ ಒಣಗಿಸಿ, ಮೇಲೊಂದು ಹಳೆ ಸೀರೆ ಹೊದಿಸುತ್ತಾರೆ. ನೀರು ಉಳಿದರೆ ತಗಡಿಗೆ ತುಕ್ಕು, ನಮಗೆ ಸೊಳ್ಳೆ.

ಆದರೆ ಶಹಾಬಾದ್ ಕಲ್ಲಿನ ನೆಲವನ್ನು ಬಂದ್ ಮಾಡುವ ಬಟನ್ ಎಲ್ಲಿದೆ? ಬೇಸಿಗೆಯಲ್ಲಿ ಬೆನ್ನಿಗೆ ಹಿತವಾಗಿದ್ದ ಅದೇ ಕಲ್ಲು ಡಿಸೆಂಬರಿನ ನಸುಕಿನಲ್ಲಿ ಎಂಥ ಗಂಭೀರ ಮಾವನವರನ್ನೂ ತುದಿಗಾಲಲ್ಲಿ ಕುಣಿಸುತ್ತದೆ.

ನಮ್ಮ ಹೀಟಿಂಗ್ ವ್ಯವಸ್ಥೆ ಅಂದರೆ ಕೌದಿ, ಕುಲಾಯಿ, ತೊಗರಿ ಕಟಗಿಯ ಒಲೆ, ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ. ಅದರ ರಿಮೋಟ್ ಇರುವುದು ಅಜ್ಜಿಯ ಬಾಯಲ್ಲಿ: "ಏ ತಮ್ಮಾ, ಬಾಗಲಾ ಹಾಕೋ, ಗಾಳಿ ಬರ್ಲಿಕತ್ತದ!"