ಬಾಬ್ ಸ್ಟಾಕಿನಾಗೈತಿ

ಮೇಡ್ಲೇರಿಯಿಂದ ರಾಣೆಬೆನ್ನೂರಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಕೂತ ಕೂಡಲೇ ಜೇಬು ಮುಟ್ಟಿ ಬೀಗದಕೈ ಇದೆಯೇ ಎಂದು ನೋಡಿಕೊಂಡರೆ, ಅವರು ಲ್ಯಾಬ್ ಸರ್ ಎಂದು ತಿಳಿಯಿರಿ. ಅವರ ಪ್ರಯೋಗಾಲಯದಲ್ಲಿ ಪ್ರಯೋಗ ಒಂದನ್ನು ಬಿಟ್ಟು ಉಳಿದೆಲ್ಲ ಇದೆ. ಉದ್ದೇಶ, ಉಪಕರಣ, ವಿಧಾನ, ಫಲಿತಾಂಶ ಎಂದು ಅವರು ಹೇಳಿ ಬರೆಸುತ್ತಾರೆ. ಸರಳ ಲೋಲಕದ ದಿನ ಮೊದಲು ‘g = 9.8’ ಬರೆಸಿ, ಅಲ್ಲಿಂದ ಹಿಂದೆ ಹಿಂದೆ ನಡೆದು ರೀಡಿಂಗ್ ಹೊಂದಿಸಿ ಕೊಡುತ್ತಾರೆ. ಪ್ರಾಯೋಗಿಕ ಪರೀಕ್ಷೆಗೆ 30 ಅಂಕ. ಗುರುತ್ವವನ್ನು ನಂಬಿ ಅಷ್ಟನ್ನು ಕಳೆದುಕೊಳ್ಳಲು ಅವರಿಗೆ ಹುಚ್ಚೇ?

ತರಬೇತಿಗೂ ಹೋಗಿಬಂದಿದ್ದಾರೆ. ಮಕ್ಕಳೇ ಪ್ರಶ್ನೆ ಹುಟ್ಟಿಸಿ ಮಕ್ಕಳೇ ಉತ್ತರ ಹುಡುಕಲಿ ಎಂದು ಅಲ್ಲಿ ಹೇಳಿದರು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊದಲ್ಲಿ ಶುರು ಮಾಡಿದ ‘ಫೆಟ್’ ಕಂಪ್ಯೂಟರ್ ಪ್ರಯೋಗಗಳನ್ನೂ ತೋರಿಸಿದರು. ಲೋಲಕ ಪರದೆಯ ಮೇಲೆಯೇ ತೂಗುತ್ತಿತ್ತು. ಸರ್ ಮೆಚ್ಚಿಕೊಂಡರು: “ಇದು ಚಲೋ ಐತ್ರಿ. ಒಡೆಯಂಗಿಲ್ಲ.”

ಅವರನ್ನು ಸೋಮಾರಿ ಅನ್ನುವುದು ಸುಲಭ. ಆದರೆ ಒಡೆದ ಬೀಕರಿಗೆ ಲೆಕ್ಕ ಕೊಡಬೇಕಾದವರು ಅವರು. ಭಾಷಣ ಮಾಡಿ ಊಟ ಮುಗಿಸಿ ಹೋದವರಲ್ಲ.

ಹೊಸದಾಗಿ ಬಂದ ಉಪನ್ಯಾಸಕಿ ಈ ಭಯವನ್ನು ಅರ್ಥ ಮಾಡಿಕೊಂಡಂತಿತ್ತು. ವಾದಕ್ಕೆ ಇಳಿಯಲಿಲ್ಲ. ಲೋಲಕದ ದಾರಕ್ಕೆ ಕಟ್ಟುವ ಗುಂಡು, ಒಂದು ಹಿತ್ತಾಳೆ ಬಾಬ್ ಕೇಳಿದರು. “ಬಾಬ್ ಸ್ಟಾಕಿನಾಗೈತ್ರಿ” ಎಂದು ಉತ್ತರ ಬಂತು. ಸರಿ, ಸಿಕ್ಕಿದ್ದನ್ನು ತೂಗುಬಿಡಿ ಎಂದು ಹುಡುಗರಿಗೆ ಹೇಳಿದರು. ರಿಜಿಸ್ಟರ್ ತೆಗೆಯಲು ಸರ್ ಕಪಾಟು ತೆರೆದಿದ್ದರು; ಗೋವಿನಜೋಳದ ಹೊಲದಿಂದ ನೇರ ಕಾಲೇಜಿಗೆ ಬರುವ ಒಬ್ಬ ಅದರ ಬೀಗವನ್ನೇ ದಾರಕ್ಕೆ ಕಟ್ಟಿ ಕಿಟಕಿಗೆ ನೇತುಹಾಕಿದ. ಇಪ್ಪತ್ತು ತೂಗಾಟಕ್ಕೆ ನಲವತ್ತು ಸೆಕೆಂಡು. ಲೆಕ್ಕ ಹಾಕಿದರೆ 9.2.

“9.8 ಬರಕೋರಿ” ಎಂದರು ಸರ್.

“ಯಾಕ್ರೀ ಸರ್? ಬಂದದ್ದು 9.2 ಅಲ್ರೀ?”

ಸರ್ ಕನ್ನಡಕ ಏರಿಸಿದರು. ಹುಡುಗರಿಗೆ ತೂಗಲು ಬರುವುದಿಲ್ಲ ಎಂದು ತೋರಿಸಲೆಂದೇ ತಾವೇ ತೂಗಿದರು. ಮತ್ತೆ 9.2. ಬಾಗಿಲು ಹಾಕಿಸಿ ಗಾಳಿ ತಡೆದರು, ಅದೇ. ಊಟದ ಗಂಟೆ ಹೊಡೆಯಿತು, ಯಾರಿಗೂ ಕೇಳಲಿಲ್ಲ. ಕೊನೆಗೆ ಹಿಂದಿನ ಬೆಂಚಿನ ಹುಡುಗಿ, “ದಾರದ ಗಂಟಿನ ಮಟ ಅಳತಿ ಮಾಡೇವ್ರಿ, ಬೀಗದ ನಡುವಿನ ತನಕ ಮಾಡಿಲ್ಲ” ಎಂದಳು. ಆರು ಸೆಂಟಿಮೀಟರ್ ಸೇರಿಸಿದರು. 9.8!

ಸರ್ ಆಗಲೂ ಸೋಲಲಿಲ್ಲ. “ಈ ಪದ್ಧತಿ ನಮ್ಮ ಕಡೆ ನಡಿಯಂಗಿಲ್ರೀ ಮೇಡಂ” ಎಂದರು, ದಾರ ಬಿಚ್ಚುತ್ತ. ಆಮೇಲೆ ಹುಡುಗನ ಕಡೆ ತಿರುಗಿ, “ಲೇ, ನಾಳೆ ಗೇಟಿನ ಬೀಗ ತಗೊಂಡ್ ಬಾ, ಅದು ಇನ್ನೂ ದೊಡ್ಡದೈತಿ.”