ಬೊಕ್ಕತಲೆ: ಒಂದು ಲಕ್ಷಣಗ್ರಂಥ

ಗ್ರಂಥಾರಂಭ

ಶಾಸ್ತ್ರ ಬರೆಯುವವನಿಗೆ ಅಧಿಕಾರ ಬೇಕು. ವೇದಾಂತ ಬರೆಯುವವನಿಗೆ ವೈರಾಗ್ಯವಿರಬೇಕು, ಅಲಂಕಾರಶಾಸ್ತ್ರ ಬರೆಯುವವನಿಗೆ ರಸಿಕತೆಯಿರಬೇಕು. ಈ ಗ್ರಂಥಕರ್ತನ ಅಧಿಕಾರವನ್ನು ಪರೀಕ್ಷಿಸಬೇಕೆನ್ನುವವರು ಅವನು ಟೋಪಿ ತೆಗೆಯುವವರೆಗೆ ಕಾದರೆ ಸಾಕು. 28ನೆಯ ವಯಸ್ಸಿನಲ್ಲಿ ಅಧ್ಯಯನ ಶುರುವಾಯಿತು, ಈಗ 59. ಈ 31 ವರ್ಷಗಳಲ್ಲಿ ವಿಷಯ ಹಿಗ್ಗುತ್ತ ಹೋಯಿತು, ಸಾಮಗ್ರಿ ಕುಗ್ಗುತ್ತ ಬಂತು.

ಒಂದನೆಯ ಪ್ರಕರಣ: ಲಕ್ಷಣ

ಬೊಕ್ಕತಲೆ ಎಂದರೇನು? 'ಕೂದಲಿಲ್ಲದ ತಲೆಯೇ ಬೊಕ್ಕತಲೆ' ಎಂಬುದು ಪೂರ್ವಪಕ್ಷ. ಈ ಲಕ್ಷಣಕ್ಕೆ ಅತಿವ್ಯಾಪ್ತಿ ದೋಷವಿದೆ. ತಿರುಪತಿಯಲ್ಲಿ ಮುಡಿ ಕೊಟ್ಟು ನಿನ್ನೆ ತಾನೇ ಬಂದವನ ತಲೆಯಲ್ಲೂ ಕೂದಲಿಲ್ಲ. ಚೌಲ ಮಾಡಿಸಿಕೊಂಡು ಅಳುತ್ತಿರುವ ಮಗುವಿನ ತಲೆಯಲ್ಲೂ ಇಲ್ಲ. ಅವ್ಯಾಪ್ತಿ ದೋಷವೂ ಇದೆ. ಊರಲ್ಲಿ ಬೊಕ್ಕತಲೆಯೆಂದು ಹೆಸರಾದ ಹತ್ತು ಜನರನ್ನು ಸಾಲಾಗಿ ನಿಲ್ಲಿಸಿ ನೋಡಿ: ಎಲ್ಲರಿಗೂ ಕಿವಿಯಿಂದ ಕಿವಿಗೆ ಹೆಡತಲೆ ಸುತ್ತಿ ಬರುವ ಒಂದು ಪಟ್ಟಿ ಕೂದಲು ಇದ್ದೇ ಇರುತ್ತದೆ. ಕಟಿಂಗ್ ಶಾಪಿನಲ್ಲಿ ಅದಕ್ಕೂ ಪೂರ್ತಿ ದರವೇ.

ಎಣಿಸಿ ತೀರ್ಮಾನಿಸೋಣವೆಂದರೆ ಅದೂ ಆಗದು. ತಲೆಯಲ್ಲಿ ಸುಮಾರು 1 ಲಕ್ಷ ಕೂದಲು. ದಿನಕ್ಕೆ 50ರಿಂದ 100 ಉದುರುವುದು ಆರೋಗ್ಯದ ಲಕ್ಷಣವೇ. ಹಾಗಿದ್ದರೆ ಎಷ್ಟನೆಯ ಕೂದಲು ಬಿದ್ದ ಗಳಿಗೆಯಲ್ಲಿ ಮನುಷ್ಯ ಬೊಕ್ಕನಾಗುತ್ತಾನೆ? ನಿನ್ನೆ ಆಗಿರಲಿಲ್ಲ, ಇವತ್ತು ಆದ ಎಂದು ಹೇಳಬಲ್ಲ ಒಂದು ಕೂದಲನ್ನು ಯಾರೂ ಕಂಡಿಲ್ಲ.

ಆದ್ದರಿಂದ ಸಿದ್ಧಾಂತ ಇದು: ಕೂದಲಿನ ಮಾತು ಬಂದಾಗ ಸುತ್ತ ಕೂತವರು ಯಾರ ಕಡೆ ನೋಡಬಾರದೆಂದು ಕಷ್ಟಪಡುತ್ತಾರೋ ಅವನೇ ಬೊಕ್ಕ.

ಎರಡನೆಯ ಪ್ರಕರಣ: ಪ್ರಮಾಣ

ತನಗೆ ಬೊಕ್ಕತಲೆ ಬರುತ್ತಿದೆ ಎಂದು ಮನುಷ್ಯ ತಿಳಿಯುವ ದಾರಿಗಳು ನಾಲ್ಕು.

ಪ್ರತ್ಯಕ್ಷ: ಬಾಚಣಿಗೆ, ದಿಂಬು, ಒದ್ದೆ ಟವೆಲು. ಆದರೆ ನೆತ್ತಿ ತನ್ನ ಕಣ್ಣಿಗೆ ತಾನು ಬೀಳದ ಪ್ರದೇಶ. ಅದರ ಪ್ರತ್ಯಕ್ಷಜ್ಞಾನ ಸಿನಿಮಾ ಮಂದಿರದ ಹಿಂದಿನ ಸಾಲಿನವರಿಗೆ ಮಾತ್ರ ಉಂಟು.

ಅನುಮಾನ: ಎಲ್ಲಿ ಹೊಗೆಯೋ ಅಲ್ಲಿ ಬೆಂಕಿ, ಎಲ್ಲಿ ಬಚ್ಚಲ ಜಾಲರಿಯ ಮೇಲೆ ನೀರು ನಿಂತಿದೆಯೋ ಅಲ್ಲಿ ಕೂದಲು.

ಉಪಮಾನ: 'ಥೇಟ್ ಸೋದರಮಾವನ ತಲೆ ಬಂದುಬಿಡ್ತಲ್ಲ!' ಮದುವೆಮನೆಯಲ್ಲಿ ದೂರದ ಅತ್ತೆಯೊಬ್ಬರು ಇದನ್ನು ಉಚ್ಚರಿಸುತ್ತಾರೆ. ಈ ಉಪಮಾನವನ್ನು ವಿಜ್ಞಾನವೂ ಪೂರ್ತಿ ತಳ್ಳಿಹಾಕಿಲ್ಲ. ಗಂಡುಹಾರ್ಮೋನಿಗೆ ಕೂದಲ ಬುಡ ಎಷ್ಟು ಹೆದರಬೇಕೆಂಬುದನ್ನು ನಿರ್ಧರಿಸುವ ಒಂದು ಮುಖ್ಯ ವಂಶವಾಹಿ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡಿಗೆ ಅದು ತಾಯಿಯಿಂದಲೇ ಬರುತ್ತದೆ. ಅಪ್ಪನ ಕಡೆಯವರೂ ನಿರಪರಾಧಿಗಳಲ್ಲ. ಬೇರೆ ಹಲವು ವಂಶವಾಹಿಗಳು ಆ ದಾರಿಯಿಂದಲೂ ಬರುತ್ತವೆ. ಆದರೆ ಮದುವೆಮನೆಯಲ್ಲಿ ಮಾವನಿಗೇ ಮರ್ಯಾದೆ.

ಶಬ್ದ: ಆಪ್ತರ ಮಾತು. ಈ ಶಾಸ್ತ್ರದಲ್ಲಿ ಆಪ್ತನೆಂದರೆ ಕ್ಷೌರಿಕ. 'ಮುಂದೆ ಎಷ್ಟು ಬಿಡ್ಲಿ ಸಾರ್?' ಎಂದು ವರ್ಷಗಟ್ಟಲೆ ಕೇಳುತ್ತಿದ್ದವನು ಒಂದು ಭಾನುವಾರ ಕೇಳುವುದನ್ನು ನಿಲ್ಲಿಸುತ್ತಾನೆ. ಇಲ್ಲಿ ಮೌನವೇ ಶಬ್ದಪ್ರಮಾಣ.

ಮೂರನೆಯ ಪ್ರಕರಣ: ಭೇದ

ಪೂರ್ವಾಚಾರ್ಯರಲ್ಲಿ ಮೊದಲು ಸುಶ್ರುತ. ಅವನ ಮತದಲ್ಲಿ ರೋಮಕೂಪವನ್ನು ಹೊಕ್ಕ ಪಿತ್ತ ವಾತದೊಡನೆ ಸೇರಿ ಕೂದಲನ್ನು ಉದುರಿಸುತ್ತದೆ. ಅನಂತರ ಕಫ ರಕ್ತದೊಡನೆ ಸೇರಿ ಕೂಪದ ಬಾಯಿ ಮುಚ್ಚುತ್ತದೆ. ಅಂದರೆ ಮೊದಲು ಒಕ್ಕಲೆಬ್ಬಿಸಿ, ಆಮೇಲೆ ಬಾಗಿಲಿಗೆ ಬೀಗ. ಇಂದ್ರಲುಪ್ತ, ಖಾಲಿತ್ಯ ಎಂಬ ಹೆಸರುಗಳು ಆ ಪರಂಪರೆಯವು. ಈಗಿನ ಆಯುರ್ವೇದದವರು ಇಂದ್ರಲುಪ್ತವೆಂದು ಸಾಮಾನ್ಯವಾಗಿ ಕರೆಯುವುದು ನಾಣ್ಯದಗಲ ಕೂದಲು ಹೋಗುವ ಬಗೆಯನ್ನು. ನಮ್ಮ ಕಡೆ ಅದಕ್ಕೆ 'ಹುಳ ತಿಂದಿದೆ' ಎನ್ನುತ್ತಾರೆ. ತಿನ್ನುವುದು ಹುಳವಲ್ಲ, ನಮ್ಮ ದೇಹದ ಕಾವಲುಪಡೆಯೇ ದಾರಿತಪ್ಪಿ ಸ್ವಂತ ಕೂದಲಿನ ಮೇಲೆ ಬೀಳುತ್ತದೆ.

ನವ್ಯರಲ್ಲಿ ಅಮೆರಿಕದ ಜೇಮ್ಸ್ ಹ್ಯಾಮಿಲ್ಟನ್ ಮುಖ್ಯ. ಪ್ರಾಯಕ್ಕೆ ಮೊದಲೇ ವೃಷಣ ಕಳೆದುಕೊಂಡ ಗಂಡಸರು ಬೊಕ್ಕರಾಗುವುದಿಲ್ಲವೆಂದು 1942ರಲ್ಲಿ ಆತ ತೋರಿಸಿದ. ಕೂದಲುಳಿಸಿಕೊಳ್ಳಲು ಖಾತ್ರಿಯಾದ ಉಪಾಯ ಅದೊಂದೇ ಎಂದು ತಿಳಿದ ಮೇಲೂ ಯಾರೂ ಕ್ಯೂ ನಿಲ್ಲಲಿಲ್ಲ. 1951ರಲ್ಲಿ ಅವನೇ ಬೊಕ್ಕತಲೆಗಳನ್ನು ವರ್ಗೀಕರಿಸಿದ. 1975ರಲ್ಲಿ ನಾರ್ವುಡ್ ಎಂಬಾತ ಅದನ್ನು ತಿದ್ದಿ ಏಳು ಹಂತ ಮಾಡಿದ. ಹೆಂಗಸರ ಪಾಲಿಗೆ 1977ರಲ್ಲಿ ಲುಡ್ವಿಗ್ ಮೂರೇ ಹಂತ ಕೊಟ್ಟ. ಅವರಿಗೆ ಹಣೆಯ ಅಂಚು ಹಾಗೇ ಉಳಿದು ಬೈತಲೆ ಅಗಲವಾಗುತ್ತ ಹೋಗುತ್ತದೆ.

ಏಳು ಹಂತ ನೆನಪಿಡುವುದು ಕಷ್ಟ. ಕನ್ನಡಿಗರಿಗೆ ತಮ್ಮ ನಾಡಿನ ನಾಲ್ಕು ಬಗೆಯ ನೆಲಗಳೇ ಸಾಕೆಂದು ಈ ಗ್ರಂಥಕರ್ತನ ಮತ. ಮಲೆನಾಡು: ದಟ್ಟ, ಬಾಚಣಿಗೆ ಹೊಕ್ಕರೆ ದಾರಿ ತಪ್ಪುತ್ತದೆ. ಅರೆಮಲೆನಾಡು: ದೂರದಿಂದ ಹಸಿರು, ಹತ್ತಿರ ಹೋದರೆ ನಡುನಡುವೆ ನೆಲ ಕಾಣುತ್ತದೆ. ಬಯಲುಸೀಮೆ: ಬಿಸಿಲು ನೇರ ಬೀಳುತ್ತದೆ. ಕರಾವಳಿ: ಉದ್ದಕ್ಕೆ ಕಿರಿದಾದ ಒಂದು ಪಟ್ಟಿ, ಅದರಾಚೆ ಎಲ್ಲ ಹೊಳೆಯುವ ಸಮುದ್ರ. ಹಣೆ ಹಿಂದಕ್ಕೆ ಸರಿಯುವುದನ್ನು ಉಳ್ಳಾಲದ ಕಡಲ್ಕೊರೆತದಡಿ ಸೇರಿಸಬಹುದು. ಅಲ್ಲಿ ಕಲ್ಲು ಸುರಿಯುತ್ತಾರೆ, ಇಲ್ಲಿ ಎಣ್ಣೆ ಸುರಿಯುತ್ತಾರೆ.

ನಾಲ್ಕನೆಯ ಪ್ರಕರಣ: ವಾದಿಗಳು

ಬೊಕ್ಕರಲ್ಲಿ ಮೂರು ಮತಗಳಿವೆ.

ಮಾಯಾವಾದಿಗಳು ಇಲ್ಲದ್ದನ್ನು ಇದೆಯೆಂದು ತೋರಿಸುವವರು. ಎಡಗಿವಿಯ ಮೇಲಿನ ಕೂದಲನ್ನು ಬೆಳೆಸಿ ಬಲಗಿವಿಗೆ ಸೇತುವೆ ಕಟ್ಟುತ್ತಾರೆ. ಸ್ಕೂಟರಿನ ಹಿಂದೆ ಕೂತಾಗ ಜಗತ್ತು ಮಿಥ್ಯೆಯೆಂಬುದು ಅವರಿಗೆ ಖಚಿತವಾಗುತ್ತದೆ.

ಕಾರಣವಾದಿಗಳು ದೋಷವನ್ನು ಹೊರಗೆ ಹುಡುಕುವವರು. ಬೋರ್‌ವೆಲ್ ನೀರು, ಹೆಲ್ಮೆಟ್ಟು, ನೈಟ್ ಶಿಫ್ಟು, ಹಾಸ್ಟೆಲ್ ಊಟ. ಬೆಂಗಳೂರಿಗೆ ಬಂದ ಪ್ರತಿಯೊಬ್ಬನೂ ಮೊದಲ ವರ್ಷ ಈ ಮತದವನೇ. ಗಡಸುನೀರು ಕೂದಲನ್ನು ಒರಟಾಗಿಸಿ ತುಂಡರಿಸೀತು. ಆದರೆ ನೆತ್ತಿಯನ್ನು ಮಾತ್ರ ಆರಿಸಿ ಬೋಳು ಮಾಡಿ ಕಿವಿಯ ಮೇಲಿನದನ್ನು ಬಿಡುವಷ್ಟು ವಿವೇಕ ನೀರಿಗೆಲ್ಲಿಯದು? ಆ ವಿವೇಕ ಇರುವುದು ಡಿಎಚ್‌ಟಿ ಎಂಬ ಗಂಡುಹಾರ್ಮೋನಿಗೆ. ಅದು ನೆತ್ತಿಯ ಕೂದಲ ಬುಡಗಳನ್ನು ಸಣ್ಣದು ಮಾಡುತ್ತ ಬರುತ್ತದೆ. ಬೆಳೆದ ಕೂದಲು ಪ್ರತಿಸಲವೂ ಮೊದಲಿಗಿಂತ ತೆಳುವಾಗಿ, ಗಿಡ್ಡವಾಗಿ, ಕೊನೆಗೆ ಪೀಚಾಗಿ ಬರುತ್ತದೆ.

ಮೂರನೆಯವರು ಔಷಧವಾದಿಗಳು. ಇವರೇ ಬಹುಸಂಖ್ಯಾತರು. ಮುಂದಿನ ಪ್ರಕರಣ ಅವರದು.

ಐದನೆಯ ಪ್ರಕರಣ: ಔಷಧ

'ಬಂದ್ರೆ ಬೆಟ್ಟ, ಹೋದ್ರೆ ಕೂದಲು' ಎಂಬ ಗಾದೆಯನ್ನು ಕಟ್ಟಿದವನಿಗೆ ತಲೆತುಂಬ ಕೂದಲಿತ್ತು ಎಂಬುದರಲ್ಲಿ ಸಂಶಯವಿಲ್ಲ. ಕೂದಲು ಹೋಗುತ್ತಿರುವವನಿಗೆ ಬೆಟ್ಟ ಬೇಡ. ಅವನ ಔಷಧಗಳು ಹುಟ್ಟಿದ ಸ್ಥಳವನ್ನು ಅನುಸರಿಸಿ ನಾಲ್ಕು ವರ್ಗ.

ಅಡುಗೆಮನೆ ವರ್ಗ: ಮೆಂತ್ಯ, ಕರಿಬೇವು, ಮೊಸರು, ಈರುಳ್ಳಿ, ಕೊಬ್ಬರಿ ಎಣ್ಣೆ. ಉಪ್ಪು ಬಿದ್ದರೆ ಗೊಜ್ಜು, ಬೀಳದಿದ್ದರೆ ಲೇಪ. ಈರುಳ್ಳಿ ರಸಕ್ಕೆ ಒಂದು ಪ್ರಮಾಣಪತ್ರ ಉಂಟು: 2002ರಲ್ಲಿ ಬಾಗ್ದಾದಿನ ವೈದ್ಯರು ಅದನ್ನು ಹಚ್ಚಿ ಬಹುಪಾಲು ರೋಗಿಗಳಲ್ಲಿ ಕೂದಲು ಬಂದದ್ದನ್ನು ಕಂಡರು. ಆದರೆ ಆ ರೋಗಿಗಳದು 'ಹುಳ ತಿಂದ' ಬಗೆ, ಎಷ್ಟೋ ಸಲ ತಾನಾಗಿಯೇ ತುಂಬಿಕೊಳ್ಳುವಂಥದು. ಸೋದರಮಾವನ ತಲೆಗೆ ಆ ಪತ್ರ ಅನ್ವಯಿಸದು. ಕೊಬ್ಬರಿ ಎಣ್ಣೆಯ ಕಥೆ ಇನ್ನೂ ಗಟ್ಟಿ. ಅದು ಕೂದಲಿನೊಳಕ್ಕೆ ಇಳಿದು, ತೊಳೆಯುವಾಗ ಬಾಚುವಾಗ ಪ್ರೋಟೀನು ಸವೆಯುವುದನ್ನು ತಗ್ಗಿಸುತ್ತದೆಂದು 2003ರ ಸಂಶೋಧನೆ ತೋರಿಸಿತು. ಇರುವ ಕೂದಲನ್ನು ಕಾಯುತ್ತದೆ, ಇಲ್ಲದ್ದನ್ನು ಕರೆತರುವುದಿಲ್ಲ.

ಹಿತ್ತಿಲ ವರ್ಗ: ದಾಸವಾಳದ ಎಲೆ, ಲೋಳೆಸರ, ಒಂದೆಲಗ, ಗರುಗದ ಸೊಪ್ಪು. ಗರುಗವೇ ಸಂಸ್ಕೃತದ ಭೃಂಗರಾಜ, ಗದ್ದೆಯಂಚಿನ ಕಳೆ. ಅದರ ಸಾರ ಹಚ್ಚಿದಾಗ ಬೋಳಿಸಿದ ಇಲಿಗಳಿಗೆ ಬೇಗ ಕೂದಲು ಬಂದ ಪ್ರಯೋಗಗಳಿವೆ. ಗಮನಿಸಬೇಕು: ಬೋಳಿಸಿದ ಇಲಿ, ಬೋಳಾದ ಇಲಿಯಲ್ಲ. ಸೀಗೆಕಾಯಿ, ಅಂಟುವಾಳ, ಚಿಗರೆಪುಡಿಗಳು ಈ ವರ್ಗದ ನೆಂಟರು. ಅವುಗಳ ಕೆಲಸ ಎಣ್ಣೆ ತೆಗೆಯುವುದು ಮತ್ತು ಕಣ್ಣಿಗೆ ಬೀಳುವುದು.

ಕಾಡಿನ ವರ್ಗ: ಹುಣಸೂರು ತಾಲ್ಲೂಕಿನ ಪಕ್ಷಿರಾಜಪುರದ ಹಕ್ಕಿಪಿಕ್ಕಿ ಜನರ ಗಿಡಮೂಲಿಕೆ ಎಣ್ಣೆ ಇದರಲ್ಲಿ ಪ್ರಸಿದ್ಧ. ಮಾರುವವರ ಮೊಣಕಾಲು ಮುಟ್ಟುವ ಜಡೆಯೇ ಅದರ ಜಾಹೀರಾತು. ಬೇಟೆ ನಿಂತ ಮೇಲೆ ಎಣ್ಣೆ ಹಿಡಿದು ಆಫ್ರಿಕಾದವರೆಗೆ ವ್ಯಾಪಾರಕ್ಕೆ ಹೋದ ಜನ ಇವರು. 2023ರಲ್ಲಿ ಸುಡಾನಿನಲ್ಲಿ ಅಂತರ್ಯುದ್ಧ ಹೊತ್ತಿಕೊಂಡಾಗ ಅಲ್ಲಿ ಸಿಕ್ಕಿಬಿದ್ದು 'ಆಪರೇಷನ್ ಕಾವೇರಿ'ಯಲ್ಲಿ ಮರಳಿದವರಲ್ಲಿ ನಮ್ಮ ಹಕ್ಕಿಪಿಕ್ಕಿಗಳೂ ಇದ್ದರು. ಬೊಕ್ಕತಲೆಯ ಆಸೆ ಎಷ್ಟು ದೂರದವರೆಗೆ ದಾರಿ ಕಡಿದಿದೆ ಎಂಬುದಕ್ಕೆ ಇದು ಸಾಕ್ಷಿ.

ಪರದೇಶಿ ವರ್ಗ: ರೋಸ್‌ಮೆರಿ ಎಣ್ಣೆ. 2015ರಲ್ಲಿ ನೂರು ಜನರ ಮೇಲೆ ಆರು ತಿಂಗಳು ನಡೆದ ಪ್ರಯೋಗದಲ್ಲಿ ಇದು ಶೇ 2ರ ಮಿನಾಕ್ಸಿಡಿಲ್‌ಗೆ ಸಮನಾಗಿ ನಿಂತಿತು. ಏನೂ ಹಚ್ಚದ ಮೂರನೆಯ ಗುಂಪನ್ನು ಇಟ್ಟಿರಲಿಲ್ಲವಾದ್ದರಿಂದ ಯಾರು ಗೆದ್ದರೆಂದು ಹೇಳುವುದು ಕಷ್ಟ. ಮಿನಾಕ್ಸಿಡಿಲ್ ಮೂಲತಃ ರಕ್ತದೊತ್ತಡದ ಮಾತ್ರೆ. ನುಂಗಿದವರ ಮೈಮೇಲೆಲ್ಲ ಕೂದಲು ಬಂದದ್ದನ್ನು ಕಂಡು ತಲೆಗೆ ಹಚ್ಚುವ ಔಷಧವಾಗಿಸಿ, 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದರು. ಅನೇಕರಿಗೆ ಕೆಲಸ ಮಾಡುತ್ತದೆ, ಆದರೆ ಹಚ್ಚುವವರೆಗೆ ಮಾತ್ರ. ಬಿಟ್ಟರೆ ಬಂದದ್ದು ಹೊರಟುಹೋಗುತ್ತದೆ, ಸಂಬಳ ನಿಂತ ಕೂಲಿಯಂತೆ.

ಈ ನಾಲ್ಕು ವರ್ಗಗಳಲ್ಲಿ ಸೋತವರಿಗೆ ಐದನೆಯದು ಅಪವರ್ಗ: ಎಲ್ಲವನ್ನೂ ನುಣ್ಣಗೆ ಬೋಳಿಸಿಕೊಂಡು ಮುಕ್ತರಾಗುವುದು.

ಆರನೆಯ ಪ್ರಕರಣ: ಕಾಲ

ಯಾವ ಎಣ್ಣೆ ಕೊಂಡರೂ, ಯಾರ ಅಜ್ಜಿಯನ್ನು ಕೇಳಿದರೂ ವಿಧಿ ಒಂದೇ: 'ಮೂರು ತಿಂಗಳು ಬಿಡದೆ ಹಚ್ಚಿ.' ಎರಡಲ್ಲ, ಐದಲ್ಲ, ಮೂರು. ಈ ಶಾಸ್ತ್ರದ ಗುಟ್ಟೆಲ್ಲ ಈ ಸಂಖ್ಯೆಯಲ್ಲಿದೆ.

ಕೂದಲು ಕೆಲವು ವರ್ಷ ಬೆಳೆಯುತ್ತದೆ, ಎರಡು ಮೂರು ವಾರ ಹಿಂಜರಿಯುತ್ತದೆ, ಆಮೇಲೆ ಸುಮಾರು ಮೂರು ತಿಂಗಳು ಸುಮ್ಮನಿದ್ದು ಉದುರುತ್ತದೆ. ಟೈಫಾಯಿಡ್, ಡೆಂಗಿ, ಕೋವಿಡ್, ಹೆರಿಗೆ, ಯಾವುದೇ ದೊಡ್ಡ ಆಘಾತವಾದರೂ ಬಹಳಷ್ಟು ಕೂದಲು ಒಟ್ಟಿಗೇ ವಿಶ್ರಾಂತಿಗೆ ಹೋಗುತ್ತದೆ; ಒಂದೇ ವರ್ಷ ನೌಕರಿಗೆ ಸೇರಿದವರು ಒಂದೇ ತಿಂಗಳು ನಿವೃತ್ತರಾದಂತೆ, ಎರಡು ಮೂರು ತಿಂಗಳ ನಂತರ ಎಲ್ಲ ಒಟ್ಟಿಗೇ ಉದುರುತ್ತದೆ. ಆಗ ಗಾಬರಿಯಾಗಿ ಎಣ್ಣೆ ಶುರುಮಾಡುತ್ತೇವೆ. ಅಷ್ಟರಲ್ಲಿ ಒಳಗೆ ಹೊಸ ಕೂದಲು ಹೊರಟಿರುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಲೆಕ್ಕದಲ್ಲಿ ಅದು ಕಣ್ಣಿಗೆ ಕಾಣುವ ಹೊತ್ತಿಗೆ ಎಣ್ಣೆಯ ಮೂರು ತಿಂಗಳೂ ಮುಗಿದಿರುತ್ತದೆ.

ಕಾಗೆ ಕೂತಿತು, ತಾಳೆಹಣ್ಣು ಬಿತ್ತು. ಕಾಕತಾಳೀಯ ನ್ಯಾಯ. ಭರ್ತೃಹರಿಯ ನೀತಿಶತಕದಲ್ಲೂ ಬಿಸಿಲಿಗೆ ಬೆಂದ ಒಬ್ಬ ಬೊಕ್ಕ ಮರದ ನೆರಳಿಗೆ ಹೋಗಿ, ಹಣ್ಣು ಬಿದ್ದು ತಲೆ ಒಡೆದುಕೊಳ್ಳುತ್ತಾನೆ. ಕೆಲವು ಪಾಠಗಳಲ್ಲಿ ಬಿಲ್ವ, ಕೆಲವದರಲ್ಲಿ ತಾಳೆ. ತಾಳೆಯೆಂಬ ಪಾಠವೇ ಸಾಧು. ಕಾಗೆ ಕೂತಿದ್ದೂ ಬೊಕ್ಕ ನಿಂತಿದ್ದೂ ಒಂದೇ ಮರದಲ್ಲಿ ಎಂದು ಈ ಗ್ರಂಥಕರ್ತನ ನಂಬಿಕೆ.

ಇದಕ್ಕೆ ನಮ್ಮ ಮನೆಯದೇ ಪ್ರಯೋಗ ಉಂಟು. ಮಗಳು ಬಾಣಂತನಕ್ಕೆ ಬಂದಿದ್ದಳು. ಮೂರು ತಿಂಗಳಾಗುತ್ತಲೇ ಅವಳ ಕೂದಲು ಹಿಡಿಹಿಡಿಯಾಗಿ ಬರತೊಡಗಿತು. ಮಗುವಿನ ಹುಟ್ಟುಗೂದಲೂ ಹೆಡತಲೆಯಲ್ಲಿ ಸವೆದಿತ್ತು. ಮನೆಯಾಕೆ ಕೊಬ್ಬರಿ ಎಣ್ಣೆಗೆ ಗರುಗದ ರಸ, ದಾಸವಾಳದ ಎಲೆ, ಕರಿಬೇವು, ನಾಲ್ಕು ಕಾಳು ಮೆಂತ್ಯ ಹಾಕಿ, ನೊರೆಯಡಗಿ ಚಟಪಟ ನಿಲ್ಲುವವರೆಗೆ ಸಣ್ಣ ಉರಿಯಲ್ಲಿ ಕಾಯಿಸಿದಳು. ಒಂದೇ ಎಣ್ಣೆ, ಒಂದೇ ಕೈ, ಮೂರು ತಲೆ: ಮಗಳು, ಮೊಮ್ಮಗು, ನಾನು. ಮೂರು ತಿಂಗಳು ಕಳೆಯಿತು. ಮಗಳ ಹಣೆಯಂಚಿನಲ್ಲಿ ಹುಲ್ಲಿನಂತೆ ಹೊಸ ಕೂದಲು ಎದ್ದು ನಿಂತಿತು. ಮಗುವಿನ ಹೆಡತಲೆ ಕಪ್ಪಾಯಿತು. ನನ್ನದು ಎಣ್ಣೆಯಿಂದ ಇನ್ನಷ್ಟು ಹೊಳೆಯಿತು.

ನಾನು ಹಾರ್ಮೋನು, ವಿಶ್ರಾಂತಿಕಾಲ, ಕಾಗೆ, ತಾಳೆಮರ ಎಲ್ಲವನ್ನೂ ವಿವರಿಸಿದೆ. ಎಣ್ಣೆ ಇಲ್ಲದೆಯೂ ಅವರಿಬ್ಬರ ಕೂದಲು ಬರುತ್ತಿತ್ತು ಎಂದೆ. ಮನೆಯಾಕೆ ಪೂರ್ತಿ ಕೇಳಿಸಿಕೊಂಡು ತೀರ್ಪು ಕೊಟ್ಟಳು: 'ಮೂರರಲ್ಲಿ ಎರಡು ಪಾಸು. ಎಣ್ಣೇದೇನೂ ದೋಷ ಇಲ್ಲ ರೀ, ನಿಮ್ಮ ತಲೇದೇ ದೋಷ.'

ಶೇ 66. ಫಸ್ಟ್ ಕ್ಲಾಸು.

ಮಗಳು ಹೊರಡುವ ವಾರ ಕೂದಲಿನವಳು ಗೇಟಿನ ಹತ್ತಿರ ಕೂಗಿದಳು. ಮಗಳ ಉದುರಿದ ಕೂದಲನ್ನೆಲ್ಲ ಮನೆಯಾಕೆ ಉಂಡೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ತುಂಬಿಟ್ಟಿದ್ದಳು. ಹೀಗೆ ಬೀದಿಬೀದಿಯಿಂದ ಕೂಡಿಸಿದ ಕೂದಲಿಗೆ ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಉದ್ಯಮವೇ ಇದೆ. ಅಲ್ಲಿ ಹೆಂಗಸರು ಸಿಕ್ಕು ಬಿಡಿಸಿ, ತೊಳೆದು, ಉದ್ದ ನೋಡಿ ವಿಂಗಡಿಸಿ ಕಟ್ಟು ಕಟ್ಟುತ್ತಾರೆ. ಅದು ಹೊರದೇಶಗಳಿಗೆ ಹೋಗಿ ವಿಗ್ಗಾಗುತ್ತದೆ. ಕೇಶವರ್ಗೀಕರಣದಲ್ಲಿ ಹ್ಯಾಮಿಲ್ಟನ್, ನಾರ್ವುಡ್ ಮತ್ತು ಈ ಗ್ರಂಥಕರ್ತ ಎಲ್ಲರೂ ಅವರ ಮುಂದೆ ಇನ್ನೂ ಕಲಿಯುವ ಮಕ್ಕಳು.

ಕೂದಲಿನವಳು ಚೀಲ ತೂಗಿ, ಒಂದು ಸಣ್ಣ ಸ್ಟೀಲ್ ಬಟ್ಟಲು ಕೊಟ್ಟಳು. 'ಇನ್ನೂ ಇದ್ರೆ ತಗೊಂಬನ್ನಿ' ಎಂದು ತಲೆಯೆತ್ತಿದವಳು, ಬಾಗಿಲಲ್ಲಿ ನಿಂತ ನನ್ನನ್ನು ಕಂಡು ಪಕ್ಕದ ಮನೆಯ ಕಡೆ ತಿರುಗಿದಳು. ಲಕ್ಷಣ ಸರಿಯಾಗಿ ಅನ್ವಯಿಸಿತು.

ಆ ಬಟ್ಟಲಲ್ಲೇ ಈಗ ನನ್ನ ಎಣ್ಣೆ ಬೆಚ್ಚಗಾಗುತ್ತದೆ. ಶನಿವಾರ ಬೆಳಿಗ್ಗೆ ಮನೆಯಾಕೆ ಮಣೆ ಹಾಕಿ ಕೂರಿಸಿ, 'ಈ ಸಲ ಮೂರು ತಿಂಗಳು ನೆಟ್ಟಗೆ ಹಚ್ಚಿಸಿಕೊಳ್ಳಿ' ಎನ್ನುತ್ತಾಳೆ. ನಾನು ಕಣ್ಣು ಮುಚ್ಚಿಕೊಂಡು ಕೂರುತ್ತೇನೆ.

ಫಲಶ್ರುತಿ

ಈ ಗ್ರಂಥವನ್ನು ದಿನಕ್ಕೊಮ್ಮೆಯಂತೆ ಮೂರು ತಿಂಗಳು ಬಿಡದೆ ಓದಿದವರಿಗೆ ಕೂದಲು ಬಂದರೆ ಅದು ಗ್ರಂಥದ ಮಹಿಮೆ. ಬಾರದಿದ್ದರೆ ತಲೆಯ ದೋಷ.