ತಾರಾಮಾನ ಮೀಮಾಂಸೆ: ಅಥಣಿ ಚಪ್ಪಲಿಯ ಪ್ರಕರಣ

ಆನ್‌ಲೈನ್ ಪೇಟೆಯಲ್ಲಿ ಮಾರಾಟಗಾರನ ಯೋಗ್ಯತೆಯನ್ನು ಗಿರಾಕಿಗಳು ಕೊಟ್ಟ ನಕ್ಷತ್ರಗಳಿಂದ ಅಳೆಯುವ ವಿದ್ಯೆಗೆ ಈ ಪ್ರಬಂಧದಲ್ಲಿ ‘ತಾರಾಮಾನ’ ಎಂಬ ಹೆಸರನ್ನಿಡಲಾಗಿದ್ದು, ಆಕಾಶದ ನಕ್ಷತ್ರಗಳು ಹುಟ್ಟಿದವನ ಫಲವನ್ನೂ ಇವು ಮಾರಿದವನ ಫಲವನ್ನೂ ಹೇಳುತ್ತವೆಂಬುದನ್ನು ಬಿಟ್ಟರೆ ಜ್ಯೋತಿಷ್ಯಕ್ಕೂ ಇದಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲ.

ತಾರಾಮಾನದಲ್ಲಿ ಮುಖ್ಯವಾಗಿ ಎರಡು ಪಂಥಗಳಿವೆ. 1996ರಿಂದ ರೂಢಿಯಲ್ಲಿರುವ ಈಬೇ ಪಂಥವು ಮೆಚ್ಚುಗೆಗೆ ಒಂದನ್ನು ಕೂಡಿಸಿ, ದೂರಿಗೆ ಒಂದನ್ನು ಕಳೆದು, ಅತ್ತಲೂ ಇತ್ತಲೂ ಅಲ್ಲದ ‘ತಟಸ್ಥ’ ಅಭಿಪ್ರಾಯಕ್ಕೆ ಸೊನ್ನೆ ಇಡುತ್ತದೆ. ಶೇಕಡಾವಾರು ತೆಗೆಯುವಾಗ ತಟಸ್ಥರನ್ನು ಲೆಕ್ಕದ ಹೊರಗೇ ನಿಲ್ಲಿಸುತ್ತದೆ. ಅಮೆಜಾನ್ ಪಂಥವು ನಾಲ್ಕು-ಐದು ತಾರೆಗಳನ್ನು ಮೆಚ್ಚುಗೆ, ಒಂದು-ಎರಡನ್ನು ದೂರು, ಮೂರನ್ನು ತಟಸ್ಥವೆಂದು ವಿಂಗಡಿಸಿ, ಭಾಗಿಸುವಾಗ ಮಾತ್ರ ತಟಸ್ಥರನ್ನೂ ಛೇದದಲ್ಲಿ ಕೂಡ್ರಿಸುತ್ತದೆ.

ಈ ಸೂಕ್ಷ್ಮಭೇದದ ಪರಿಣಾಮ ಅಥಣಿ ತಾಲ್ಲೂಕಿನ ಸತ್ತಿಯಂಥ ಊರುಗಳಲ್ಲಿ ಘೋರವಾದುದು. ಏಕೆಂದರೆ ಆ ಸೀಮೆಯಲ್ಲಿ ತೃಪ್ತಿಯ ಪರಮಾವಧಿಯನ್ನು ಮುಟ್ಟಿದ ಗಿರಾಕಿಯೂ ‘ಅಡ್ಡಿಯಿಲ್ಲ’ ಎಂದಷ್ಟೇ ಹೇಳುತ್ತಾನೆ, ಅದನ್ನು ಯಾವ ಯಂತ್ರಕ್ಕೆ ಹಾಕಿದರೂ ಮೂರು ತಾರೆಗಿಂತ ಹೆಚ್ಚು ಉದುರುವುದಿಲ್ಲ. ಹತ್ತು ಮಂದಿಯಲ್ಲಿ ಆರು ಮಂದಿ ಹೊಗಳಿ, ಒಬ್ಬ ದೂರಿ, ಮೂವರು ‘ಅಡ್ಡಿಯಿಲ್ಲ’ ಎಂದರೆಂದು ಭಾವಿಸಿದಲ್ಲಿ, ಆ ಮಾರಾಟಗಾರ ಈಬೇ ಮತದಲ್ಲಿ ಶೇ. 86ರ ಸಜ್ಜನನೂ ಅಮೆಜಾನ್ ಮತದಲ್ಲಿ ಶೇ. 60ರ ಸಂಶಯಾಸ್ಪದನೂ ಆಗುತ್ತಾನೆ.

ಕಾಲನಿರ್ಣಯದ ದೋಷ ಇನ್ನೂ ಗಹನವಾದುದು. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದಗೊಂಡು, ಗಡಿ ವಿವಾದವನ್ನೂ ದಾಟಿ 2019ರಲ್ಲಿ ಕರ್ನಾಟಕ-ಮಹಾರಾಷ್ಟ್ರಗಳ ಎಂಟು ಜಿಲ್ಲೆಗಳಿಗೆ ಒಟ್ಟಾಗಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ತಂದ ಅಥಣಿ ಸೀಮೆಯ ಕೊಲ್ಹಾಪುರಿ ಚಪ್ಪಲಿ, ಮೊದಲ ದಿನಗಳಲ್ಲಿ ಕಾಲು ಕಚ್ಚಿ, ಎಣ್ಣೆ ಕುಡಿದು, ಮೆಟ್ಟಿದವನ ಪಾದಕ್ಕೆ ಒಗ್ಗಿದ ಮೇಲಷ್ಟೇ ತನ್ನ ನಿಜಗುಣವನ್ನು ತೋರುತ್ತದೆ. ಆದರೆ ಅಭಿಪ್ರಾಯ ಕೇಳುವ ಸಂದೇಶವು ಅದು ಕಚ್ಚುತ್ತಿರುವಾಗಲೇ ಬರುತ್ತದೆ. ಸರಕಿನ ವಿಮರ್ಶೆ ಬೇರೆ, ಮಾರಾಟಗಾರನ ಅಂಕ ಬೇರೆ ಎಂದು ಶಾಸ್ತ್ರ ಎಷ್ಟೇ ಸಾರಿದರೂ ಗುಳ್ಳೆ ಎದ್ದ ಕಾಲಿಗೆ ಅಂಥ ವಿವೇಕವಿರುವುದಿಲ್ಲ.

ಇನ್ನು ಒಂದೇ ಒಂದು ಮೆಚ್ಚುಗೆಯಿಂದ ಶೇ. 100 ಗಳಿಸಿದವನು ನೂರರಲ್ಲಿ 99 ಮೆಚ್ಚುಗೆ ಪಡೆದವನಿಗಿಂತ ಮೇಲೇರುವ ಅಸಂಬದ್ಧಕ್ಕೆ, ಅಂಶಕ್ಕೆ ಒಂದನ್ನೂ ಛೇದಕ್ಕೆ ಎರಡನ್ನೂ ಕೂಡಿಸುವ ಗಣಿತಜ್ಞ ಲಾಪ್ಲಾಸನ ಸೂತ್ರ ಮದ್ದಾಗಿದ್ದು, ಅದರಂತೆ ಮೊದಲಿನವನು ಶೇ. 67ಕ್ಕೆ ಇಳಿದು ಎರಡನೆಯವನು ಶೇ. 98ರಲ್ಲಿ ನಿಲ್ಲುತ್ತಾನೆ. ಆ ಒಂಟಿ ಮೆಚ್ಚುಗೆ ಸ್ವಂತ ಅಳಿಯನದಾಗಿದ್ದರೆ ಏನು ಮಾಡಬೇಕೆಂಬುದನ್ನು ಲಾಪ್ಲಾಸ್ ತಿಳಿಸಿಲ್ಲ. ಒಬ್ಬನೇ ಗಿರಾಕಿಯ ಮೆಚ್ಚುಗೆಯನ್ನು ವಾರಕ್ಕೊಮ್ಮೆ ಮಾತ್ರ ಎಣಿಸುವ ಈಬೇ ನಿಯಮದಿಂದ ಅಳಿಯನು ಪ್ರತಿ ವಾರವೂ ಖರೀದಿಸಬೇಕಾಗುವುದರಿಂದ, ಈ ಅಕ್ರಮವು ತನ್ನ ಖರ್ಚಿನ ಭಾರದಿಂದಲೇ ಕುಸಿಯುತ್ತದೆಂದು ಊಹಿಸಬಹುದು.

ಮಾರಾಟಗಾರನು ಗಿರಾಕಿಯ ಮೇಲೆ ದೂರು ಬರೆಯುವ ಹಕ್ಕನ್ನು ಈಬೇ 2008ರಲ್ಲಿ ರದ್ದುಗೊಳಿಸಿತು. ಹಳ್ಳಿಯ ಕಿರಾಣಿ ಅಂಗಡಿಯ ಉದ್ರಿ ವಹಿಗೆ ಈ ತಿದ್ದುಪಡಿ ಇನ್ನೂ ತಲುಪಿಲ್ಲವಾದ್ದರಿಂದ, ಅಲ್ಲಿ ಹೆಚ್ಚು ಬಾಕಿ ಉಳಿಸಿಕೊಂಡವನೇ ಯಾರೂ ಕೇಳದಿದ್ದರೂ ಅಂಗಡಿಕಾರನಿಗೆ ಐದು ತಾರೆ ದಯಪಾಲಿಸುವುದು ಕಂಡುಬರುತ್ತದೆ.